ಬಬಲ್ ಟಿಪ್ ಅನಿಮೋನ್ ಸಂಖ್ಯೆ ಹೆಚ್ಚಿಸುವುದು: ಕತ್ತರಿಸುವುದೋ, ತಾನಾಗಿ ಒಡೆಯಲು ಬಿಡುವುದೋ?

ನೀಲಿತೊಟ್ಟಿ:
ಎಲ್ಲರಿಗೂ ನಮಸ್ಕಾರ. ಒಂದು ರೋಸ್ ಬಬಲ್ ಟಿಪ್ಪನ್ನು (ಹೂವಿನಂತೆ ಕಾಣುವ ಕಡಲ ಜೀವಿ, ಸೀ ಅನಿಮೋನ್) ಎರಡು, ಆಮೇಲೆ ನಾಲ್ಕು ಮಾಡುವ ಯೋಚನೆ ಇದೆ. ತೊಟ್ಟಿ 3 ಅಡಿ, ಸುಮಾರು 200 ಲೀಟರ್, ನೀರು ತುಂಬಿ 9 ತಿಂಗಳು. ಅನಿಮೋನ್ ಬಂದು 5 ತಿಂಗಳು. ಪೂರ್ತಿ ಅರಳಿದಾಗ 17–18 ಸೆಂ.ಮೀ. ಅಗಲ. ಉಪ್ಪಿನಂಶ ಸಾವಿರಕ್ಕೆ 35, ತಾಪಮಾನ 26 ಡಿಗ್ರಿ, ನೈಟ್ರೇಟ್ 8, ಫಾಸ್ಫೇಟ್ 0.06, ಆಲ್ಕಲಿನಿಟಿ 8.2. ಒಂದು ಜೊತೆ ಕ್ಲೌನ್ ಮೀನು ಅದರಲ್ಲೇ ಇವೆ.
ಕೇಳಬೇಕಾದದ್ದು ಇಷ್ಟು. ಚಾಕುವಿನಲ್ಲಿ ಕತ್ತರಿಸುವುದು ಒಳ್ಳೆಯದೋ, ಕಾಯುವುದು ಒಳ್ಳೆಯದೋ? ಕತ್ತರಿಸುವುದಾದರೆ ಕ್ರಮ ಹೇಗೆ? ಕ್ಲೌನ್‌ಗಳನ್ನು ಏನು ಮಾಡಬೇಕು? ಮೊಟ್ಟೆ-ಮರಿಯ ದಾರಿ ಮನೆಯ ತೊಟ್ಟಿಯಲ್ಲಿ ಸಾಧ್ಯವೇ?

ಅಳಿವೆಬಾಗಿಲು:
ಚಾಕುವಿನ ಮಾತಿಗೆ ಮೊದಲು ಜಾತಿ ಖಚಿತ ಮಾಡಿಕೊಳ್ಳಿ. ಅಂಗಡಿಯವರು ಕೊಟ್ಟ ಹೆಸರನ್ನು ನಂಬಿ ಬ್ಲೇಡ್ ಹಿಡಿಯಬೇಡಿ. ಟೆಂಟಕಲ್ (ಬಾಯಿಯ ಸುತ್ತಲಿನ ಬೆರಳಿನಂಥ ಎಳೆ) ತುದಿಯ ಗುಳ್ಳೆಯೊಂದನ್ನೇ ಗುರುತಾಗಿ ನೋಡುವವರು ಜಾಸ್ತಿ, ಆದರೆ ಗುಳ್ಳೆ ಬರುತ್ತದೆ, ಹೋಗುತ್ತದೆ. ಕಂಬ ನೋಡಿ, ಅಂದರೆ ಪಾದಕ್ಕೂ ಬಾಯಿ ತಟ್ಟೆಗೂ ನಡುವಿನ ಭಾಗ. ಬಬಲ್ ಟಿಪ್‌ನ ಕಂಬ ಪೂರ್ತಿ ನುಣುಪು. ಸೀಬೆ (sebae) ಎಂಬ ಹೆಸರಲ್ಲಿ ಮಾರುವ ಹೆಟೆರ್ಯಾಕ್ಟಿಸ್ ಕ್ರಿಸ್ಪಾದ ಕಂಬ ಚರ್ಮದ ಹಾಗೆ ಒರಟು, ಮೇಲ್ಭಾಗದಲ್ಲಿ ಅಂಟುವ ಸಣ್ಣ ಬೊಕ್ಕೆಗಳಿರುತ್ತವೆ. ಕಾರ್ಪೆಟ್ ಅನಿಮೋನ್‌ನ ಟೆಂಟಕಲ್ ಗಿಡ್ಡ, ತಟ್ಟೆ ಅಗಲ, ಪಾದ ಮರಳಿನೊಳಗೆ.
ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ಬಬಲ್ ಟಿಪ್‌ಗೆ ಎರಡಾಗುವುದು ಹುಟ್ಟುಗುಣ. ಕೆಂಪು ಸಮುದ್ರದಿಂದ ಸಮೋವಾವರೆಗೆ ಹರಡಿರುವ ಜೀವಿ ಇದು. ಆಳವಿಲ್ಲದ ದಂಡೆಗಳಲ್ಲಿ ಚಿಕ್ಕ ಚಿಕ್ಕವು ಬಂಡೆಯ ಬಿರುಕಿಗೆ ಒತ್ತೊತ್ತಾಗಿ ಕೂತಿರುತ್ತವೆ. ಆ ಗುಂಪು ಸಾಮಾನ್ಯವಾಗಿ ಒಂದೇ ಜೀವಿ ಸೀಳಿ ಸೀಳಿ ಆದದ್ದು. ಆಳಕ್ಕೆ ಹೋದಂತೆ ದೊಡ್ಡದೊಂದು ಒಂಟಿಯಾಗಿ ಸಿಗುತ್ತದೆ. ಅದಕ್ಕೇ ಇದು ಸೀಳು ತಡೆದುಕೊಂಡು ಮತ್ತೆ ಕೂಡಿಕೊಳ್ಳುತ್ತದೆ. ಕಾರ್ಪೆಟ್ ಮತ್ತು ಸೀಬೆ ಮನೆಯ ತೊಟ್ಟಿಯಲ್ಲಿ ತಾವಾಗಿ ಎರಡಾಗುವುದು ಅಪರೂಪ. ಅವುಗಳ ಮೇಲೆ ಬ್ಲೇಡ್ ಇಟ್ಟರೆ ಬಹುಮಟ್ಟಿಗೆ ಸಾವೇ. ದಯವಿಟ್ಟು ಅವುಗಳನ್ನು ಮುಟ್ಟಬೇಡಿ.

ಪಾದ_ಮತ್ತು_ಬಾಯಿ:
ಮೇಲಿನ ಮಾತು ಸರಿ. ನಿಮ್ಮದು ಬಬಲ್ ಟಿಪ್ಪೇ ಆಗಿದ್ದರೆ ಕತ್ತರಿಸುವ ಕ್ರಮ ಹೀಗೆ.
ಗಾತ್ರ ಅರಳಿದಾಗ ಕನಿಷ್ಠ 12 ಸೆಂ.ಮೀ., ಬಣ್ಣ ತುಂಬಿರಬೇಕು, ಬಾಯಿ ಬಿಗಿಯಾಗಿ ಮುಚ್ಚಿರಬೇಕು, ಒಂದೇ ಜಾಗದಲ್ಲಿ ಕನಿಷ್ಠ ಒಂದು ತಿಂಗಳು ಕೂತಿರಬೇಕು. ಅಲೆದಾಡುತ್ತಿರುವ ಅನಿಮೋನ್‌ಗೆ ಬೆಳಕೋ ಹರಿವೋ ಒಗ್ಗಿಲ್ಲ ಎಂದರ್ಥ. ಅದು ಮೊದಲು ಸರಿಯಾಗಲಿ. ಕತ್ತರಿಸುವುದಕ್ಕೆ ಮೂರು ದಿನ ಮುಂಚಿನಿಂದ ಆಹಾರ ನಿಲ್ಲಿಸಿ. ಹೊಟ್ಟೆಯಲ್ಲಿ ಅರೆಜೀರ್ಣವಾದ ಸಿಗಡಿ ಇದ್ದರೆ ಅದು ಗಾಯದ ಮೇಲೇ ಕೊಳೆಯುತ್ತದೆ.
ಕಲ್ಲಿನಿಂದ ಬಿಡಿಸುವುದೇ ಅತಿ ಕಷ್ಟದ ಕೆಲಸ. ಕತ್ತರಿಸಿದ ಗಾಯದಿಂದ ಸಾಯುವುದಕ್ಕಿಂತ, ಎಳೆದು ಕಿತ್ತಾಗ ಹರಿದ ಪಾದದಿಂದ ಸಾಯುವುದೇ ಹೆಚ್ಚು. ಕಲ್ಲನ್ನು ಎತ್ತಲು ಆದರೆ ತಲೆಕೆಳಗಾಗಿ ನೀರಿನ ಮಟ್ಟದಲ್ಲಿ ಹಿಡಿದು, ಪಾದವಿರುವ ಜಾಗದ ಹಿಂಬದಿಗೆ ಐಸ್ ತುಂಬಿದ ಪ್ಲಾಸ್ಟಿಕ್ ಚೀಲ ಒತ್ತಿ. ಕೆಲವು ನಿಮಿಷದಲ್ಲಿ ಅಂಚು ಸಡಿಲವಾಗುತ್ತದೆ. ಆಗ ಬೆರಳ ತುದಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ತಳ್ಳಿ. ಉಗುರು ತಾಗಿಸಬೇಡಿ, ಎಳೆಯಬೇಡಿ. ಪಾದ ಬಿರುಕಿನೊಳಗೆ ಹೋಗಿದ್ದರೆ ಆ ದಿನದ ಕೆಲಸ ಕೈಬಿಡಿ.
ಹಲಗೆಗೆ ನುಣುಪಾದ ಪ್ಲಾಸ್ಟಿಕ್ ಕಟಿಂಗ್ ಬೋರ್ಡ್ ಸಾಕು. ಸೋಪು ಮುಟ್ಟದ್ದು ಇರಲಿ. ತೊಟ್ಟಿಯ ನೀರಿನಲ್ಲಿ ತೊಳೆದು ಒದ್ದೆಯಾಗಿಯೇ ಇಡಿ. ಬ್ಲೇಡ್ ಹೊಸದಾಗಿರಬೇಕು, ಉದ್ದವಾಗಿರಬೇಕು. ನೀರಿನಿಂದ ಹೊರಬಂದ 17 ಸೆಂ.ಮೀ. ಅನಿಮೋನ್ ಕುಗ್ಗಿ 6–7 ಸೆಂ.ಮೀ. ಆಗುತ್ತದೆ. ಸರ್ಜರಿಯ ಸಣ್ಣ ಬ್ಲೇಡಿನಿಂದ ಅದನ್ನು ಒಂದೇ ಸಲಕ್ಕೆ ದಾಟಲು ಆಗುವುದಿಲ್ಲ. ಸ್ಟೇಷನರಿ ಅಂಗಡಿಯ ಅಗಲದ ಪೇಪರ್ ಕಟರ್ ಬ್ಲೇಡ್ ಅನುಕೂಲ. ಅದರ ಮೇಲೆ ತುಕ್ಕು ತಡೆಯಲು ಎಣ್ಣೆ ಸವರಿರುತ್ತಾರೆ. ಸ್ಪಿರಿಟ್‌ನಲ್ಲಿ ಒರೆಸಿ, ಆರ್‌ಒ ನೀರಿನಲ್ಲಿ ತೊಳೆದು ಬಳಸಿ. ಕತ್ತರಿ ಬೇಡ, ಅದು ಸೀಳುವ ಮುಂಚೆ ಜಜ್ಜುತ್ತದೆ.
ಬಾಯಿ ಮೇಲಕ್ಕೆ ಬರುವಂತೆ ಮಲಗಿಸಿ. ಬಾಯಿಯ ನಡುವೆ ಬ್ಲೇಡ್ ಇಟ್ಟು, ಕಂಬದ ಮೂಲಕ ಪಾದದವರೆಗೆ ಒಂದೇ ಒತ್ತಿಗೆ ಇಳಿಸಿ. ಹಿಂದೆ ಮುಂದೆ ಗರಗಸದಂತೆ ಎಳೆಯಬೇಡಿ. ಎರಡೂ ಹೋಳಿನಲ್ಲಿ ಬಾಯಿಯ ಅಂಚು ಅರ್ಧ, ಪಾದ ಅರ್ಧ ಇರಲೇಬೇಕು. ಬಾಯಿಯ ಪಾಲು ಸಿಗದ ಹೋಳು ಸಾಮಾನ್ಯವಾಗಿ ಉಳಿಯುವುದಿಲ್ಲ. ನಾಲ್ಕು ಹೋಳು ಮಾಡುವ ಆಸೆ ಬೇಡ. ಎರಡು ಮಾಡಿ, ಅವು ಬೆಳೆದ ಮೇಲೆ ಮತ್ತೆರಡು. ಹೊರಗಿರುವ ಒಟ್ಟು ಸಮಯ ಎರಡು ನಿಮಿಷ ಮೀರದಿರಲಿ.
ಕೈಗೆ ನೈಟ್ರೈಲ್ ಗವಸು, ಕಣ್ಣಿಗೆ ಕನ್ನಡಕ ಇರಲಿ. ಒತ್ತಿದಾಗ ನೀರು ಚಿಮ್ಮುತ್ತದೆ, ಅದರಲ್ಲಿ ಕುಟುಕು ಕೋಶಗಳೂ ಇರುತ್ತವೆ.

ನೀಲಿತೊಟ್ಟಿ:
ಧನ್ಯವಾದ ಸರ್. ಹೋಳುಗಳನ್ನು ಎಲ್ಲಿ ಇಡಬೇಕು? ಬೇರೆ ಚಿಕ್ಕ ತೊಟ್ಟಿ ಮಾಡಲೇ?

ಪಾದ_ಮತ್ತು_ಬಾಯಿ:
20–30 ಲೀಟರಿನ ಹೊಸ ತೊಟ್ಟಿ ಬೇಡ. ಅದರಲ್ಲಿ ಅಮೋನಿಯಾ ಏರುವುದು, ಉಪ್ಪಿನಂಶ ಜಾರುವುದು ಬಲು ಬೇಗ. ಅದೇ ತೊಟ್ಟಿಯಲ್ಲಿ, ಅದೇ ನೀರಿನಲ್ಲಿ ಜಾಲರಿ ಬುಟ್ಟಿ ತೂಗುಹಾಕಿ. ಅಡುಗೆಮನೆಯಲ್ಲಿ ಸೊಪ್ಪು ತೊಳೆಯುವ ಪ್ಲಾಸ್ಟಿಕ್ ಬುಟ್ಟಿ ಆಗುತ್ತದೆ, ತೂತು 3 ಮಿ.ಮೀ. ಒಳಗಿರಲಿ. ದೊಡ್ಡ ತೂತಾದರೆ ಪಾದ ಅದರೊಳಗೆ ತೂರಿ ಆಚೆ ಬದಿಗೆ ಹೋಗುತ್ತದೆ, ಬಿಡಿಸುವಾಗ ಹರಿಯುತ್ತದೆ. ತಳಕ್ಕೆ ನಾಲ್ಕೈದು ಕಲ್ಲಿನ ಚೂರು ಹಾಕಿ, ಮೇಲೆ ಮುಚ್ಚಳ ಇಡಿ. ಕ್ಲೀನರ್ ಸಿಗಡಿ, ಪೆಪರ್‌ಮಿಂಟ್ ಸಿಗಡಿ, ಹರ್ಮಿಟ್ ಏಡಿ ಮೂರೂ ಹಸಿ ಗಾಯವನ್ನು ಕೀಳಲು ಬರುತ್ತವೆ.
ಹರಿವು ಮೆದುವಾಗಿರಲಿ, ಆದರೆ ನಿಂತ ನೀರು ಆಗಬಾರದು. ಲೋಳೆ ತೊಳೆದು ಹೋಗಬೇಕು. ಬೆಳಕು ಮೊದಲ ವಾರ 80–100 ಪಾರ್ (ಪಾಚಿ, ಗಿಡಗಳಿಗೆ ಒದಗುವ ಬೆಳಕಿನ ಅಳತೆ), ಆಮೇಲೆ ಎರಡು ವಾರದಲ್ಲಿ ಮೆಲ್ಲಗೆ ಹಿಂದಿನ ಮಟ್ಟಕ್ಕೆ.
ಕೆಲವು ಗಂಟೆಗಳಲ್ಲಿ ಸೀಳಿದ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಪಾದ ಚೂರು ಕಲ್ಲಿಗೆ ಹಿಡಿಯುತ್ತದೆ. ಬಾಯಿ ಮತ್ತೆ ದುಂಡಗಾಗಲು 7ರಿಂದ 10 ದಿನ ಬೇಕು. ಅಲ್ಲಿಯವರೆಗೆ ಆಹಾರ ಬೇಡ. ಹತ್ತು ದಿನ ಕಳೆದ ಮೇಲೆ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಒಂದೆರಡು ಕೊಟ್ಟು ನೋಡಿ. ಹಿಡಿದು ಬಾಯಿಗೆ ಒಯ್ದರೆ ಸರಿ, ಉಗುಳಿದರೆ ಇನ್ನೂ ಮೂರು ದಿನ ಬಿಡಿ.

ಹವಳದಂಡೆ:
ಕ್ರಮವೆಲ್ಲ ಸರಿ ಇದೆ, ಆದರೆ ನನ್ನ ಅಭಿಪ್ರಾಯ ಬೇರೆ. ಮೊದಲ ಸಲದವರು ಚಾಕು ಹಿಡಿಯುವ ಅಗತ್ಯವೇ ಇಲ್ಲ. 17 ಸೆಂ.ಮೀ. ಬೆಳೆದ ಬಬಲ್ ಟಿಪ್‌ಗೆ ಸರಿಯಾಗಿ ಉಣಿಸಿದರೆ ಅದು ತಾನೇ ಎರಡಾಗುತ್ತದೆ. ತಾನಾಗಿ ಸೀಳಿದಾಗ ಪಾದ ಕಲ್ಲಿಗೆ ಅಂಟಿಕೊಂಡೇ ಇರುತ್ತದೆ, ಬಿಡಿಸುವ ಅಪಾಯವೇ ಇಲ್ಲ. ಹೊರಗಿನ ಬ್ಯಾಕ್ಟೀರಿಯಾ ಗಾಯಕ್ಕೆ ಹತ್ತುವ ಅವಕಾಶವೂ ಕಡಿಮೆ.
ವಾರಕ್ಕೆ ಎರಡು ಸಲ, ಬಾಯಿಯ ಅಗಲಕ್ಕಿಂತ ಚಿಕ್ಕ ತುಂಡು, 8–10 ಮಿ.ಮೀ. ಸಾಕು. ಸಿಪ್ಪೆ ಬಿಡಿಸಿದ ಸಿಗಡಿ, ಮರುವಾಯಿಯ ಮಾಂಸ, ಫ್ರೋಜನ್ ಮೈಸಿಸ್ ಒಳ್ಳೆಯದು. ಉಪ್ಪು, ಅರಿಶಿನ ಯಾವುದೂ ತಾಗಿರಬಾರದು. ಬೂತಾಯಿ, ಬಂಗುಡೆ ಬೇಡ. ಎಣ್ಣೆ ಜಾಸ್ತಿ, ನೀರಿನ ಮೇಲೆ ಪೊರೆ ಕಟ್ಟುತ್ತದೆ, ನೊರೆಯಿಂದ ಕೊಳೆ ತೆಗೆಯುವ ಸ್ಕಿಮ್ಮರ್ ಯಂತ್ರದ ನೊರೆ ಕೂತು ಬಿಡುತ್ತದೆ. ಎರಡು ತಿಂಗಳು ಹೀಗೆ ಉಣಿಸಿ, ಒಂದು ದಿನ 25–30 ಶೇಕಡ ನೀರು ಬದಲಿಸಿ. ಹೆಚ್ಚಿನ ಆಹಾರದ ನಂತರದ ದೊಡ್ಡ ನೀರು ಬದಲಾವಣೆಯೇ ಅನೇಕ ಸಲ ಸೀಳಿಗೆ ಚಾಲನೆ ಕೊಡುತ್ತದೆ. ಬರುವ ನೀರಿನ ತಾಪಮಾನ, ಉಪ್ಪಿನಂಶ ತೊಟ್ಟಿಯದ್ದಕ್ಕೆ ಸಮ ಇರಲಿ.
ಸೀಳುವ ಲಕ್ಷಣ ಹೀಗಿರುತ್ತದೆ: ಪಾದ ಎರಡು ದಿಕ್ಕಿಗೆ ಎಳೆದುಕೊಳ್ಳುತ್ತದೆ, ಬಾಯಿ ಉದ್ದವಾಗಿ ನಡುವೆ ಕಿರಿದಾಗುತ್ತದೆ, ಅನಿಮೋನ್ ಗಂಟೆಗಟ್ಟಲೆ ಬಾಡಿದಂತೆ ಕಾಣುತ್ತದೆ. ಕೆಲವು ಗಂಟೆಗೂ ಮುಗಿಯಬಹುದು, ಮೂರು ನಾಲ್ಕು ದಿನವೂ ಹಿಡಿಯಬಹುದು. ನೋಡಲು ಹರಿದ ಬಟ್ಟೆಯ ಹಾಗೆ ಇರುತ್ತದೆ. ಆಗ ಕೈ ಹಾಕಬೇಡಿ, ಬೆಳಕು ಬದಲಿಸಬೇಡಿ, ಔಷಧ ಸುರಿಯಬೇಡಿ.

ಪಾದ_ಮತ್ತು_ಬಾಯಿ:
ಹವಳದಂಡೆಯವರೇ, ಒಂದು ವಿಷಯ ಸೇರಿಸಲೇಬೇಕು. ತಾನಾಗಿ ಸೀಳುವುದೆಲ್ಲ ಆರೋಗ್ಯದ ಗುರುತಲ್ಲ. ಚೆನ್ನಾಗಿ ತಿಂದು ದೊಡ್ಡದಾಗಿ ಸೀಳುವುದು ಒಂದು ಬಗೆ. ನೀರು ಕೆಟ್ಟು, ಬಿಸಿ ಏರಿ, ಉಪ್ಪಿನಂಶ ಜಾರಿ, ಗಾಯವಾಗಿ ಸೀಳುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಹೋಳುಗಳು ಬೆಳೆಯುವ ಮುಂಚೆಯೇ ಮತ್ತೆ ಸೀಳುತ್ತವೆ. ಒಂದರಿಂದ ಆರಾದರೂ ಆರೂ 4 ಸೆಂ.ಮೀ., ಬಣ್ಣ ಮಂಕು. ಅಂಥದ್ದನ್ನು ಯಶಸ್ಸು ಎಂದು ಎಣಿಸಬಾರದು. ಮೊದಲು ಬೆಳಕು ಅಳೆಯಬೇಕು, ಆಮೇಲೆ ನೀರು. ಬಬಲ್ ಟಿಪ್‌ಗೆ 150ರಿಂದ 300 ಪಾರ್ ಬೇಕು.
ಇನ್ನು ಚಾಕುವಿನ ಪರವಾಗಿ ಒಂದೇ ಮಾತು. ಯಾವ ದಿನ, ಯಾವ ಬುಟ್ಟಿಯಲ್ಲಿ ಗಾಯ ಮಾಯುತ್ತದೆ ಎಂಬುದು ನಮ್ಮ ಕೈಲಿರುತ್ತದೆ. ತಾನಾಗಿ ಸೀಳಿದ್ದು ನಡುರಾತ್ರಿ ಅಲೆದು ವೇವ್‌ಮೇಕರ್‌ಗೆ (ನೀರು ಅಲೆಯಾಡಿಸುವ ಪಂಪ್) ಸಿಕ್ಕರೆ ಇಡೀ ತೊಟ್ಟಿಯೇ ಹೋಗುತ್ತದೆ.

ಹವಳದಂಡೆ:
ಒಪ್ಪಿದೆ. ವೇವ್‌ಮೇಕರ್‌ಗೆ ರಕ್ಷಣೆ ಇಲ್ಲದೆ ಎರಡೂ ದಾರಿ ಬೇಡ. ಒರಟು ಕಪ್ಪು ಸ್ಪಂಜನ್ನು ಸುತ್ತಿ ಟೈ ಹಾಕಿ, ವಾರಕ್ಕೊಮ್ಮೆ ತೊಳೆಯಿರಿ. ತೊಳೆಯದಿದ್ದರೆ ಹರಿವು ಅರ್ಧಕ್ಕೆ ಇಳಿಯುತ್ತದೆ. ನೀರು ಹೊರಹರಿಯುವ ಓವರ್‌ಫ್ಲೋ ಹಲ್ಲುಗಳಿಗೂ ಜಾಲರಿ ಬೇಕು. ಹೀಟರನ್ನು ಸಂಪ್‌ಗೆ (ತೊಟ್ಟಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಸರಿಸಿ, ಗಾಜಿನ ಹೀಟರಿಗೆ ಅಂಟಿದ ಅನಿಮೋನ್ ಬೆಂದು ಹೋಗುತ್ತದೆ.

ಮೂರನೇಮಹಡಿ:
ನಡುವೆ ಬಂದದ್ದಕ್ಕೆ ಕ್ಷಮಿಸಿ. ಕಲ್ಲಿನ ಮೇಲೆ 1–2 ಸೆಂ.ಮೀ.ನ ಕಂದು ಬಣ್ಣದವು ಹತ್ತು ಹನ್ನೆರಡು ಹುಟ್ಟಿವೆ. ತೆಳು ಕಂಬ, ಚೂಪಾದ ಟೆಂಟಕಲ್. ಇವು ಬಬಲ್ ಟಿಪ್ ಮರಿಗಳೇ?

ಅಳಿವೆಬಾಗಿಲು:
ಅಲ್ಲ. ಐಪ್ಟೇಸಿಯಾ, ಕಳೆಯಂತೆ ಹಬ್ಬುವ ಬೇರೆ ಅನಿಮೋನ್. ಬಬಲ್ ಟಿಪ್ ಮನೆಯ ತೊಟ್ಟಿಯಲ್ಲಿ ಪಾದದಿಂದ ಚೂರು ಉದುರಿಸಿ ಮರಿ ಮಾಡುವುದಿಲ್ಲ, ಐಪ್ಟೇಸಿಯಾ ಮಾಡುತ್ತದೆ. ಪಾದದ ಅಂಚಿನಿಂದ ಕಣದಷ್ಟು ಚೂರು ಕಳಚಿದರೂ ಸಾಕು, ಅದೇ ಹೊಸ ಅನಿಮೋನ್. ಅದಕ್ಕೇ ಕೆರೆದು ತೆಗೆಯಬೇಡಿ, ಕತ್ತರಿಸಬೇಡಿ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಆರ್‌ಒ ನೀರಿನಲ್ಲಿ ಮೊಸರಿನ ಹದಕ್ಕೆ ಕಲಸಿ, ಹರಿವು ನಿಲ್ಲಿಸಿ, ಸಿರಿಂಜಿನಿಂದ ಬಾಯಿಯ ಮೇಲೆ ಹನಿಸಿ. ಹತ್ತು ನಿಮಿಷ ಬಿಟ್ಟು ಹರಿವು ಶುರು ಮಾಡಿ. ಒಂದು ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ, ಪಿಎಚ್ ಏರುತ್ತದೆ. ನಿಮ್ಮ ತೊಟ್ಟಿಯಲ್ಲಿ ಬಬಲ್ ಟಿಪ್ ಹತ್ತಿರದಲ್ಲೇ ಇದ್ದರೆ ಪೆಪರ್‌ಮಿಂಟ್ ಸಿಗಡಿಯ ದಾರಿ ನೋಡಿ. ಈ ಸಿಗಡಿ ಐಪ್ಟೇಸಿಯಾ ತಿನ್ನುತ್ತದೆ. ಆದರೆ ಕತ್ತರಿಸುವ ಯೋಜನೆ ಇರುವವರು ಅದನ್ನು ತರುವ ಮೊದಲು ಯೋಚಿಸಿ, ಮೇಲೆ ಹೇಳಿದ್ದಾರೆ.

ಟಿಡಿಎಸ್_ಸೊನ್ನೆ:
ನೀರಿನ ಬಗ್ಗೆ ಯಾರೂ ಹೇಳಿಲ್ಲ, ಅರ್ಧ ಸಾವುಗಳ ಮೂಲ ಅಲ್ಲೇ ಇದೆ. ಅಡುಗೆಮನೆಯ ಆರ್‌ಒ ಯಂತ್ರದ ನೀರನ್ನು ನೇರವಾಗಿ ಬಳಸಬೇಡಿ. ಅದರಲ್ಲಿ ರುಚಿಗಾಗಿ ಖನಿಜ ಸೇರಿಸುವ ಭಾಗವೋ, ಕಚ್ಚಾ ನೀರು ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ತಿರುಪೋ ಇರುತ್ತದೆ. ಬೋರ್‌ವೆಲ್ ನೀರು 800 ಟಿಡಿಎಸ್ ಇದ್ದರೆ ಹೊರಬರುವುದು 60–100. ಆ ತಿರುಪನ್ನು ಪೂರ್ತಿ ಮುಚ್ಚಿ, ಖನಿಜದ ಕಾರ್ಟ್ರಿಜ್ ದಾಟಿಸಿ, ಕೊನೆಗೆ ಉಳಿದ ಲವಣ ಹಿಡಿಯುವ ಒಂದು ಡಿಐ ರೆಸಿನ್ ಡಬ್ಬಿ ಜೋಡಿಸಿ. ಮೀಟರ್ 0 ತೋರಿಸಬೇಕು. 2–3 ತೋರಿಸಿದ ದಿನ ರೆಸಿನ್ ಬದಲಿಸಿ. ದಣಿದ ರೆಸಿನ್ ಹಿಡಿದಿಟ್ಟ ಸಿಲಿಕೇಟನ್ನು ಬಿಟ್ಟುಕೊಡುತ್ತದೆ, ಕಂದು ಪಾಚಿ ಶುರುವಾಗುತ್ತದೆ.
ಉಪ್ಪು ಲೀಟರಿಗೆ ಸುಮಾರು 37 ಗ್ರಾಂ. 40 ಲೀಟರ್ ಬದಲಾವಣೆಗೆ ಒಂದೂವರೆ ಕಿಲೋ. ಹಿಂದಿನ ರಾತ್ರಿಯೇ ಕಲಸಿ ಪಂಪ್ ಹಾಕಿಡಿ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು 35ರ ಮಾಪಕ ದ್ರವದಲ್ಲಿ ಸರಿಹೊಂದಿಸಿ. ಬರೀ ಆರ್‌ಒ ನೀರಿನಲ್ಲಿ ಸೊನ್ನೆ ಮಾಡಿದರೆ 35ರ ಹತ್ತಿರ ಒಂದೆರಡು ಅಂಕ ತಪ್ಪುವ ಸಾಧ್ಯತೆ ಇದೆ.
ಮಂಗಳೂರು, ಉಡುಪಿಯವರು ಕಡಲ ನೀರು ತರುವುದಾದರೆ ಜೂನ್‌ನಿಂದ ಸೆಪ್ಟೆಂಬರ್ ಬಿಡಿ. ನೇತ್ರಾವತಿ, ಗುರುಪುರ ಹೊಳೆಗಳ ಮಳೆನೀರು ದಡದ ಉಪ್ಪಿನಂಶವನ್ನು ಇಳಿಸುತ್ತದೆ, ಮಣ್ಣೂ ಬರುತ್ತದೆ. ಬೇಸಿಗೆಯಲ್ಲೂ ಅಳಿವೆ, ಬಂದರಿನಿಂದ ದೂರ ತುಂಬಿ, ಅಳೆದೇ ಬಳಸಿ.

ಅಳಿವೆಬಾಗಿಲು:
ಬೇಸಿಗೆಯ ವಿಷಯವೂ ಇದಕ್ಕೇ ಸೇರಿದ್ದು. 29 ದಾಟಿದರೆ ಕತ್ತರಿಸುವ ಮಾತೇ ಬೇಡ. ಬಿಸಿಯಲ್ಲಿ ಅನಿಮೋನ್ ತನಗೆ ಆಹಾರ ಕೊಡುವ, ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳುಚುತ್ತದೆ. ಬಿಳುಚಿದ್ದಕ್ಕೆ ಗಾಯ ಮಾಯಿಸಲು ಶಕ್ತಿ ಎಲ್ಲಿಂದ ಬರಬೇಕು? ಬೆಂಗಳೂರಿನ ಒಣ ಏಪ್ರಿಲ್‌ನಲ್ಲಿ ನೀರಿನ ಮೇಲೆ ಫ್ಯಾನ್ ಬಿಟ್ಟರೆ 2–3 ಡಿಗ್ರಿ ಇಳಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟು ಇಳಿಯುವುದಿಲ್ಲ ಮಾರಾಯ್ರೆ, ಅಲ್ಲಿ ನೀರು ತಂಪಾಗಿಸುವ ಚಿಲ್ಲರ್ ಯಂತ್ರವೇ ಬೇಕು. ಫ್ಯಾನ್ ಹಾಕಿದರೆ ನೀರು ಆರುವುದು ಹೆಚ್ಚು, ತುಂಬಿಸಲು ಆಟೋ ಟಾಪ್ ಆಫ್ ಇಲ್ಲದಿದ್ದರೆ ಉಪ್ಪಿನಂಶ ದಿನವೂ ಏರಿಳಿಯುತ್ತದೆ. ಕರೆಂಟ್ ಹೋಗುವ ಕಡೆ ಬ್ಯಾಟರಿ ಏರ್ ಪಂಪ್ ಒಂದು ಇರಲೇಬೇಕು.

ಗಾಜಿನೊಳಗೆ:
ಏನು ಕೆಟ್ಟಿದೆ ಎಂದು ಗುರುತಿಸುವುದು ಹೇಗೆ? ಅನಿಮೋನ್ ದಿನಕ್ಕೊಮ್ಮೆ ಚಪ್ಪಟೆಯಾದರೂ ಗಾಬರಿಯಾಗುತ್ತದೆ.

ಪಾದ_ಮತ್ತು_ಬಾಯಿ:
ದಿನಕ್ಕೊಮ್ಮೆ ಕುಗ್ಗಿ, ಕಂದು ದಾರದಂಥದ್ದನ್ನು ಹೊರಹಾಕಿ, ಕೆಲವು ಗಂಟೆಯಲ್ಲಿ ಮತ್ತೆ ಅರಳಿದರೆ ಅದು ಮಾಮೂಲು. ಹೊಟ್ಟೆ ಖಾಲಿ ಮಾಡುವುದು ಹಾಗೇ.
ಬಾಯಿ ತೆರೆದೇ ಇದ್ದು, ಒಳಗಿನ ಬಿಳಿ ಸುರುಳಿಗಳು ಹೊರಬಂದು, 24 ಗಂಟೆಯಾದರೂ ಹಿಂದೆ ಹೋಗದಿದ್ದರೆ ಸೋಂಕು. ದಿನಕ್ಕೆ ಮೂರು ನಾಲ್ಕು ಸಲ ಉಬ್ಬುವುದು, ಪೂರ್ತಿ ಕುಗ್ಗುವುದು ಅದಕ್ಕೂ ಮುಂಚಿನ ಲಕ್ಷಣ. ಕತ್ತರಿಸಿದ ಹೋಳಿನ ಅಂಚು ಮೂರನೇ ದಿನಕ್ಕೂ ಮಡಚದೆ, ಬೂದು ಬಣ್ಣಕ್ಕೆ ತಿರುಗಿ ಎಳೆ ಎಳೆಯಾಗಿ ಬಿಚ್ಚಿಕೊಂಡರೆ ಅದು ಕೊಳೆಯುತ್ತಿದೆ. ಲೋಟವನ್ನು ಹತ್ತಿರ ಒಯ್ದು ನೀರಿನೊಳಗೇ ಹೋಳನ್ನು ತುಂಬಿಕೊಂಡು ಹೊರತೆಗೆದು ವಾಸನೆ ನೋಡಿ. ಕೊಳೆತ ಮೀನಿನ ವಾಸನೆ ಬಂದರೆ ಮುಗಿಯಿತು, ಮತ್ತೆ ಒಳಗೆ ಹಾಕಬೇಡಿ. ಇನ್ನೊಂದು ಹೋಳು ಚೆನ್ನಾಗಿದ್ದರೆ ಅದನ್ನು ಉಳಿಸಿಕೊಳ್ಳಲು 30 ಶೇಕಡ ನೀರು ಬದಲಿಸಿ, 200 ಲೀಟರಿಗೆ ಸುಮಾರು 100 ಗ್ರಾಂ ಕಾರ್ಬನ್ (ನೀರು ಶುದ್ಧಿ ಮಾಡುವ ಇದ್ದಿಲು) ಇಡಿ, ಅಮೋನಿಯಾ ಅಳೆಯಿರಿ.
ಹಿಂದೆ ಎಂದಾದರೂ ತಾಮ್ರದ ಔಷಧ ಹಾಕಿದ ತೊಟ್ಟಿ, ಕಲ್ಲು, ಬಕೆಟ್ ಇದ್ದರೆ ಅದರ ಹತ್ತಿರಕ್ಕೂ ಅನಿಮೋನ್ ಒಯ್ಯಬೇಡಿ.

ಗಾಜಿನೊಳಗೆ:
ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯೋಟಿಕ್ ಹಾಕಿ ಕತ್ತರಿಸಿದರೆ ಸಾವೇ ಇಲ್ಲ ಎಂದು ಕೇಳಿದ್ದೇನೆ. ಮುಂಚಿತವಾಗಿಯೇ ಹಾಕಬಹುದೇ?

ಹವಳದಂಡೆ:
ಮುಂಚಿತವಾಗಿ ಬೇಡವೇ ಬೇಡ. ಅದು ಸೋಂಕು ಕಂಡ ಮೇಲಿನ ಚಿಕಿತ್ಸೆ, ಅದೂ ಪ್ರತ್ಯೇಕ ತೊಟ್ಟಿಯಲ್ಲಿ. ಹವ್ಯಾಸಿಗಳು ಬಳಸುವ ಪ್ರಮಾಣ 40 ಲೀಟರಿಗೆ 250 ಮಿ.ಗ್ರಾಂ. ಔಷಧ ಬೆಳಕಿಗೆ ಒಡೆಯುವುದರಿಂದ ಸಂಜೆ ದೀಪ ಆರಿಸಿದ ಮೇಲೆ ಹಾಕುತ್ತಾರೆ. ಮರುದಿನ ಅದೇ ತಾಪಮಾನ, ಅದೇ ಉಪ್ಪಿನಂಶದ ನೀರಿಗೆ ಪೂರ್ತಿ ಬದಲಿಸಿ ಮತ್ತೆ ಹಾಕಬೇಕು, ಹೀಗೆ ಏಳು ದಿನ. ಅಂದರೆ ಏಳು ಸಲ 40 ಲೀಟರ್ ಉಪ್ಪುನೀರು ತಯಾರಿರಬೇಕು. ಅಷ್ಟು ಸಿದ್ಧತೆ ಇಲ್ಲದವರು ಶುರು ಮಾಡಬಾರದು. ಅರ್ಧಕ್ಕೆ ನಿಲ್ಲಿಸಿದರೆ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂತಾಗುತ್ತದೆ, ಆ ನೀರು ಹೋಗುವುದು ನಮ್ಮದೇ ಚರಂಡಿಗೆ, ಕೆರೆಗೆ. ಇದು ಮನುಷ್ಯರ ಔಷಧ ಎಂಬುದನ್ನು ಮರೆಯಬೇಡಿ. ಗಾಯ ಚೊಕ್ಕವಾಗಿ, ನೀರು ಚೊಕ್ಕವಾಗಿ ಇದ್ದರೆ ಇದರ ಅಗತ್ಯ ಬೀಳುವುದು ಕಡಿಮೆ.

ಪಾದ_ಮತ್ತು_ಬಾಯಿ:
ಪೂರ್ತಿ ಒಪ್ಪುತ್ತೇನೆ. ಮುಖ್ಯ ತೊಟ್ಟಿಗೆ ಸುರಿದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು.

ನೀಲಿತೊಟ್ಟಿ:
ಕ್ಲೌನ್‌ಗಳ ಪ್ರಶ್ನೆ ಉಳಿಯಿತು.

ಹವಳದಂಡೆ:
ಬೆಳೆಸುವ ಹಂತದಲ್ಲಿ ಇರಲಿ. ಕ್ಲೌನ್‌ನ ಅಮೋನಿಯಾ ಅನಿಮೋನ್‌ನೊಳಗಿನ ಪಾಚಿಗೆ ಗೊಬ್ಬರ, ಅದು ರೆಕ್ಕೆ ಬೀಸುವುದರಿಂದ ರಾತ್ರಿ ಆಮ್ಲಜನಕವೂ ಸಿಗುತ್ತದೆ. ಪೆಸಿಫಿಕ್‌ನ ಮೂರಿಯಾ ದ್ವೀಪದಲ್ಲಿ ಮ್ಯಾಗ್ನಿಫಿಕಾ ಅನಿಮೋನ್‌ಗಳನ್ನು ಹೋಲಿಸಿ ನೋಡಿದ ಅಧ್ಯಯನ 2005ರಲ್ಲಿ ಬಂತು. ಮೀನು ಇದ್ದವು ಬೇಗ ಬೆಳೆದು ಹೆಚ್ಚು ಸೀಳಿದವು. ಕತ್ತರಿಸಿದ ಮೇಲೆ ಮಾತ್ರ ಬುಟ್ಟಿಯ ಮುಚ್ಚಳ ನಾಲ್ಕು ವಾರ ತೆಗೆಯಬೇಡಿ. ದೊಡ್ಡ ಹೆಣ್ಣು ಕ್ಲೌನ್ ಒಂದು ಚಿಕ್ಕ ಹೋಳಿನೊಳಗೆ ಹೊರಳಾಡಿದರೆ ಅದು ಅರಳುವುದೇ ಇಲ್ಲ. ಮೀನು ತನಗೆ ಸಿಕ್ಕ ತುಂಡನ್ನು ಅರೆಬೆಂದ ಬಾಯಿಗೆ ತುರುಕುವುದೂ ಉಂಟು.

ಅಳಿವೆಬಾಗಿಲು:
"ಅರೆಮಾಯ್ದ ಬಾಯಿ" ಅಂತ ಓದಿಕೊಳ್ಳಿ ಎಲ್ಲರೂ.

ಹವಳದಂಡೆ:
ಹೌದು, ಅರೆಮಾಯ್ದ. ತಿದ್ದಿದ್ದಕ್ಕೆ ಧನ್ಯವಾದ.

ಗ್ರಾನಿಯ_ಜಾಡಿ:
ಕೊನೆಯ ಪ್ರಶ್ನೆ, ಮೊಟ್ಟೆ-ಮರಿ. ಬಬಲ್ ಟಿಪ್‌ನಲ್ಲಿ ಗಂಡು ಹೆಣ್ಣು ಬೇರೆ ಬೇರೆ, ಎರಡೂ ಅಂಡ ಮತ್ತು ವೀರ್ಯವನ್ನು ನೀರಿಗೇ ಬಿಡುತ್ತವೆ. ಆಸ್ಟ್ರೇಲಿಯಾದ ಸಾಲಿಟರಿ ದ್ವೀಪಗಳ ಅನಿಮೋನ್‌ಗಳಲ್ಲಿ ಇದನ್ನು ನೋಡಿ 2007ರಲ್ಲಿ ವಿವರ ಪ್ರಕಟಿಸಿದ್ದಾರೆ, ಸಮಯ ಹುಣ್ಣಿಮೆಯ ನಂತರದ ರಾತ್ರಿಗಳು. ಮನೆಯಲ್ಲಿ ಇದು ಬಹಳ ಕಷ್ಟ. ಒಂದರಿಂದ ಸೀಳಿದ ಹತ್ತೂ ಒಂದೇ ಲಿಂಗ, ಬೇರೆ ಮೂಲದ ಇನ್ನೊಂದು ಬೇಕು. ಲಾರ್ವಾ ಸ್ಕಿಮ್ಮರಿಗೂ ಪಂಪಿಗೂ ಸಿಕ್ಕಿ ಹೋಗುತ್ತದೆ. ಅಂಡ ಬಿಟ್ಟ ರಾತ್ರಿ ತೊಟ್ಟಿ ಹಾಲಿನ ಹಾಗೆ ಮಬ್ಬಾದರೆ ಸ್ಕಿಮ್ಮರ್ ಜೋರಾಗಿ ನಡೆಸಿ, ಕಾರ್ಬನ್ ಹಾಕಿ. ಮೀನುಗಳಿಗೆ ಆಮ್ಲಜನಕ ಕೊರತೆಯಾಗುತ್ತದೆ.
ಮರಿ ನೋಡುವ ಆಸೆ ಇದ್ದವರಿಗೆ ರಾಕ್ ಫ್ಲವರ್ ಅನಿಮೋನ್ ಸರಿಯಾದ ಜಾತಿ. ಕೆರಿಬಿಯನ್‌ನದು, 10–12 ಸೆಂ.ಮೀ., ಹೆಚ್ಚು ಅಲೆಯುವುದಿಲ್ಲ. ಇದನ್ನು ಕತ್ತರಿಸಬಾರದು. ಹೆಣ್ಣು ತನ್ನೊಳಗೇ ಮರಿಗಳನ್ನು ಬೆಳೆಸಿ ಬಾಯಿಯಿಂದ ಹೊರಬಿಡುತ್ತದೆ. ಹೊರನೋಟಕ್ಕೆ ಗಂಡು ಹೆಣ್ಣು ತಿಳಿಯುವುದಿಲ್ಲ, ಹಾಗಾಗಿ ಆರೇಳನ್ನು ಒಂದೇ ಕಲ್ಲಿನ ಮೇಲೆ ಹತ್ತಿರ ಹತ್ತಿರ ಕೂರಿಸಿ. ಎರಡು ದಿನಕ್ಕೊಮ್ಮೆ ಆಹಾರ. ಮರಿ ಬಂದಾಗ 2–3 ಮಿ.ಮೀ. ಇರುತ್ತವೆ. ಹರಿವು ಅರ್ಧ ಗಂಟೆ ನಿಲ್ಲಿಸಿ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾವನ್ನು (ಉಪ್ಪುನೀರಿನ ಪುಟ್ಟ ಸಿಗಡಿ) ಪಿಪೆಟ್‌ನಿಂದ ಕೊಡಿ. ಹರ್ಮಿಟ್ ಏಡಿ ಇದ್ದರೆ ಒಂದೂ ಉಳಿಯುವುದಿಲ್ಲ.
ಈ ಹವ್ಯಾಸ ಎಷ್ಟು ಹಳೆಯದು ಎಂಬುದಕ್ಕೆ ಒಂದು ಮಾತು. ಸ್ಕಾಟ್ಲೆಂಡಿನ ಜಾನ್ ಡಾಲಿಯೆಲ್ 1828ರಲ್ಲಿ ಕಡಲದಂಡೆಯಿಂದ ತಂದ ಬೀಡ್ಲೆಟ್ ಅನಿಮೋನ್ ಒಂದು, ಪಂಪಿಲ್ಲ, ದೀಪವಿಲ್ಲ, ಗಾಜಿನ ಜಾಡಿಯಲ್ಲಿ ಬರೀ ಸಮುದ್ರದ ನೀರು ಬದಲಿಸಿದ್ದರಿಂದಲೇ ಡಾಲಿಯೆಲ್ ತೀರಿಹೋದ ಮೇಲೂ ಕೈಯಿಂದ ಕೈಗೆ ದಾಟಿ 1887ರವರೆಗೆ ಬದುಕಿತು. ನೂರಾರು ಮರಿ ಹಾಕಿತು. ಗ್ರಾನಿ, ಅಂದರೆ ಅಜ್ಜಿ, ಎಂದೇ ಅದರ ಹೆಸರು. ಅನಿಮೋನ್‌ಗೆ ವಯಸ್ಸಾಗಿ ಸತ್ತಿತು ಎಂದು ಸಮಾಧಾನ ಮಾಡಿಕೊಳ್ಳುವ ಮೊದಲು ಇದನ್ನು ನೆನೆಯಬೇಕು.

ಟಿಡಿಎಸ್_ಸೊನ್ನೆ:
ಮರಿ ಹಂಚುವವರಿಗೆ ಎರಡು ಮಾತು. ಸೀಳಿ ಕನಿಷ್ಠ ಆರು ವಾರ ಆಗದೆ, ಮೂರು ನಾಲ್ಕು ಸಲ ತಿನ್ನದೆ ಯಾರಿಗೂ ಕೊಡಬೇಡಿ. ಚೂರು ಕಲ್ಲು ಅಥವಾ ಮರುವಾಯಿ ಚಿಪ್ಪಿನ ಮೇಲೆ ಕೂತಿದ್ದರೆ ಕಲ್ಲಿನ ಸಮೇತ ಕೊಡಿ. ಎರಡು ದಿನ ಉಪವಾಸ, ಜೋಡಿ ಚೀಲ, ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಗಾಳಿ, ಥರ್ಮೋಕೋಲ್ ಪೆಟ್ಟಿಗೆ.
ಕೂರಿಸುವ ಕಲ್ಲಿನ ಬಗ್ಗೆ ಎಚ್ಚರ. ನಮ್ಮ ದೇಶದಲ್ಲಿ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ದಂಡೆಯಿಂದ ಒಡೆದು ತಂದ ಹವಳದ ಕಲ್ಲು ಕೊಳ್ಳಬೇಡಿ. ಸೆರಾಮಿಕ್ ಕಲ್ಲು ಸಾಕು, ಅನಿಮೋನ್‌ಗೆ ಬೇಕಿರುವುದು ಪಾದ ತೂರಿಸಲು ಒಂದು ಬಿರುಕು. ತೊಟ್ಟಿಯಲ್ಲಿ ಸೀಳಿ ಬಂದ ಪ್ರತಿಯೊಂದೂ ಕಡಲಿನಿಂದ ಕೀಳಬೇಕಾದ ಒಂದನ್ನು ಉಳಿಸುತ್ತದೆ. ಇಷ್ಟು ಕಷ್ಟಪಡುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಅದು.

ನೀಲಿತೊಟ್ಟಿ:
ಎಲ್ಲರಿಗೂ ಧನ್ಯವಾದ. ಹೀಗೆ ತೀರ್ಮಾನಿಸಿದ್ದೇನೆ: ಈ ವಾರ ವೇವ್‌ಮೇಕರ್‌ಗೆ ಸ್ಪಂಜು, ಹೀಟರ್ ಸಂಪ್‌ಗೆ. ವಾರಕ್ಕೆ ಎರಡು ಸಲ ಸಿಗಡಿ, ಎರಡು ತಿಂಗಳು. ಆಮೇಲೆ 60 ಲೀಟರ್ ನೀರು ಬದಲಾವಣೆ. ಅಷ್ಟಾದರೂ ಸೀಳದಿದ್ದರೆ ಮಾತ್ರ ಬ್ಲೇಡ್. ಪಾದ ಬಿಡಿಸುವ ಕಷ್ಟ ತಪ್ಪಿಸಲು ಈಗಲೇ ಅದರ ಪಕ್ಕ ಚಪ್ಪಟೆ ಟೈಲ್ ಒಂದು ಇಡಲೇ?

ಪಾದ_ಮತ್ತು_ಬಾಯಿ:
ಇಡಿ, ಆದರೆ ಅದು ಅಲ್ಲಿಗೇ ಬರುತ್ತದೆ ಎಂಬ ಭರವಸೆ ಇಲ್ಲ. ಸೀಳಿದ ಎರಡರಲ್ಲಿ ಒಂದು ಹೊಸ ಜಾಗ ಹುಡುಕಿ ಹೊರಡುವುದೇ ಹೆಚ್ಚು, ಆಗ ಟೈಲ್ ಉಪಯೋಗಕ್ಕೆ ಬರುತ್ತದೆ. ಹೊಳಪಿನ ಬದಿ ಮೇಲಿರಲಿ. ಒರಟು ಬದಿಯಿಂದ ಪಾದ ಬಿಡಿಸುವುದು ಕಲ್ಲಿನಿಂದ ಬಿಡಿಸಿದಷ್ಟೇ ಕಷ್ಟ. ನುಣುಪಿನ ಮೇಲಾದರೆ ಹಳೆಯ ಎಟಿಎಂ ಕಾರ್ಡಿನ ಅಂಚನ್ನು ಒದ್ದೆ ಮಾಡಿ ಮೆಲ್ಲಗೆ ಜಾರಿಸಿದರೆ ಬರುತ್ತದೆ. 60 ಲೀಟರ್ ನೀರಿಗೆ ಉಪ್ಪು 2.2 ಕಿಲೋ ಲೆಕ್ಕ ಹಾಕಿಕೊಳ್ಳಿ.